ತೂಕ ಕೇಳದ ಬಳಗವೊಂದನ್ನು ಕಟ್ಟೋಣ

ನಿಮ್ಮ ಮನೆಯ ಮದುವೆ, ಗೃಹಪ್ರವೇಶ, ನಾಮಕರಣಗಳಿಗೆ ಈಚಿನ ವರ್ಷಗಳಲ್ಲಿ ಯಾರು ಬರುವುದನ್ನು ನಿಲ್ಲಿಸಿದ್ದಾರೆ ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ಸಾಲ ಮಾಡಿ ಮುಖ ತಪ್ಪಿಸಿಕೊಂಡವರು, ಆಸ್ತಿ ಜಗಳದಲ್ಲಿ ಮುನಿಸಿಕೊಂಡವರು, ಹಾಸಿಗೆ ಹಿಡಿದವರನ್ನು ಬಿಟ್ಟು ಇನ್ನೂ ಒಬ್ಬರೋ ಇಬ್ಬರೋ ಇರುತ್ತಾರೆ. ಅವರ ಜೊತೆ ನಿಮಗೆ ಜಗಳವಿಲ್ಲ. ಕರೆದಾಗ ‘ಖಂಡಿತ ಬರ್ತೀನಿ’ ಅನ್ನುತ್ತಾರೆ, ಆ ದಿನ ಬರುವುದಿಲ್ಲ. ಮರುದಿನ ಫೋನಿನಲ್ಲಿ ತಲೆನೋವು, ಮಗನ ಪರೀಕ್ಷೆ, ಬಸ್ಸು ಸಿಗಲಿಲ್ಲ ಎಂಬ ಸಬೂಬು. ಅಂಥವರಲ್ಲಿ ಮೈ ದಪ್ಪಗಿರುವವರು ಎಷ್ಟು ಮಂದಿ ಎಂದು ಎಣಿಸಿ ನೋಡಿ. ಬಂದರೆ ಏನೇನು ಕೇಳಿಸಿಕೊಳ್ಳಬೇಕಾಗುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತು. ಚಪ್ಪಲಿ ಬಿಡುವ ಮೊದಲೇ ‘ಅಯ್ಯೋ, ಎಷ್ಟು ಊದ್ಕೊಂಡ್ಬಿಟ್ಟಿದೀಯಲ್ಲೇ!’ ಎಂಬ ಉದ್ಗಾರ. ಪಂಕ್ತಿಯಲ್ಲಿ ಎರಡನೇ ಹೋಳಿಗೆ ಹಾಕಿಸಿಕೊಂಡರೆ ಎದುರು ಸಾಲಿನವರ ನೋಟ. ಕೈತೊಳೆಯುವ ಕಡೆ ಸಿಕ್ಕ ದೂರದ ಅತ್ತೆಯೊಬ್ಬರು ಹೇಳುವ ಜೀರಿಗೆ ನೀರಿನ ಮದ್ದು. ಇದನ್ನೆಲ್ಲ ಹತ್ತು ಸಲ ನುಂಗಿಕೊಂಡವರು ಹನ್ನೊಂದನೇ ಸಲ ಮನೆಯಲ್ಲೇ ಉಳಿಯುತ್ತಾರೆ.

ಅವರ ಪರವಾಗಿ ನಿಮ್ಮಲ್ಲಿ ಒಂದು ಕೋರಿಕೆ ಇದೆ. ನಿಮ್ಮ ಬಡಾವಣೆಯಲ್ಲೋ ಹಳ್ಳಿಯಲ್ಲೋ ಮೈತೂಕ ಹೆಚ್ಚಿರುವವರು ವಾರಕ್ಕೊಮ್ಮೆ ಒಟ್ಟಿಗೆ ಕೂತು ಮಾತಾಡುವ ಒಂದು ಸಣ್ಣ ಬಳಗ ಹುಟ್ಟಿಕೊಳ್ಳಲಿ. ಅಲ್ಲಿ ತೂಕದ ಯಂತ್ರ ಇರಕೂಡದು, ಡಯಟ್ ಚೀಟಿ ಇರಕೂಡದು, ಇಳಿಸಿಕೊಂಡವರಿಗೆ ಚಪ್ಪಾಳೆ ಇರಕೂಡದು. ಎಂಟು ಹತ್ತು ಜನ, ಗಟ್ಟಿ ಬೆಂಚುಗಳು, ಒಂದೂವರೆ ಗಂಟೆ ಬಿಡುವು, ಒಂದು ಫ್ಲಾಸ್ಕ್ ಕಾಫಿ ಇದ್ದರೆ ಸಾಕು, ಶುರು ಮಾಡಬಹುದು. ಬಳಗ ನಡೆಸುವವರು ದಪ್ಪ ಮೈಯವರೇ ಆಗಿರಲಿ. ಮಿಕ್ಕವರು ಜಾಗ ಕೊಡಲಿ, ಸುದ್ದಿ ಮುಟ್ಟಿಸಲಿ.

ಇದು ಬೆರಳೆಣಿಕೆಯ ಜನರ ಕಷ್ಟವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇ 30.1, ಗಂಡಸರಲ್ಲಿ ಶೇ 30.9 ಮಂದಿ ಅಧಿಕ ತೂಕದವರು. ಅದಕ್ಕೂ ಹಿಂದಿನ ಸಮೀಕ್ಷೆ ನಡೆದ 2015–16ರಲ್ಲಿ ಈ ಅಂಕಿ ಶೇ 23.3 ಮತ್ತು 22.1 ಇತ್ತು. ಅಂದರೆ 2019–21ರ ಲೆಕ್ಕದಲ್ಲಿ ಹತ್ತು ಮಂದಿಯಲ್ಲಿ ಮೂವರು. ನಾನೂ ಆ ಮೂವರಲ್ಲಿ ಒಬ್ಬಳು. ಇಷ್ಟು ಜನರಿರುವಾಗ ನಮಗೆ ಒಡನಾಟಕ್ಕೆ ಕೊರತೆ ಇರಬಾರದಿತ್ತು. ಆದರೆ ದಪ್ಪಗಿರುವವರು ಒಬ್ಬರನ್ನೊಬ್ಬರು ಕಂಡರೂ ಹತ್ತಿರ ಹೋಗುವುದಿಲ್ಲ. ಇಬ್ಬರು ಜೊತೆಯಾಗಿ ರಸ್ತೆಯಲ್ಲಿ ನಡೆದರೆ ನಗುವವರ ಸಂಖ್ಯೆ ಇಮ್ಮಡಿಯಾಗುತ್ತದೆ ಎಂಬ ಭಯ. ಕಾಲೇಜಿನಲ್ಲಿ ನನ್ನಷ್ಟೇ ಮೈಕಟ್ಟಿನ ಹುಡುಗಿಯೊಬ್ಬಳಿದ್ದಳು. ಮೂರು ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದರೂ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂರಲಿಲ್ಲ.

ಒಂಟಿತನ ಪಶ್ಚಿಮದ ಶ್ರೀಮಂತ ದೇಶಗಳ ರೋಗ, ಕೂಡು ಕುಟುಂಬದ ನಾಡಿಗೆ ಅದು ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಸಾಮಾಜಿಕ ಒಡನಾಟದ ಬಗ್ಗೆ ಒಂದು ಆಯೋಗವನ್ನೇ ರಚಿಸಿ, 2025ರ ಜೂನ್ ಕೊನೆಗೆ ಅದರ ವರದಿ ಹೊರತಂದಿತು. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ, ಅದರ ಜೊತೆ ತಳಕು ಹಾಕಿಕೊಂಡ ಸಾವುಗಳು ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಎಂದು ವರದಿ ಹೇಳುತ್ತದೆ. ಗಂಟೆಗೆ ಸುಮಾರು ನೂರು ಜೀವ. ಕಡಿಮೆ ಆದಾಯದ ದೇಶಗಳಲ್ಲಿ ಶೇ 24 ಮಂದಿ ಒಂಟಿತನ ಹೇಳಿಕೊಂಡರೆ, ಶ್ರೀಮಂತ ದೇಶಗಳಲ್ಲಿ ಹಾಗೆ ಹೇಳಿದವರು ಶೇ 11. ನಮ್ಮ ನಂಬಿಕೆಯನ್ನು ತಿದ್ದಿಕೊಳ್ಳಲು ಈ ಎರಡು ಅಂಕಿಗಳೇ ಸಾಕು. ಆಯೋಗದ ಇಬ್ಬರು ಮುಖ್ಯಸ್ಥರಲ್ಲಿ ಒಬ್ಬರು ವಿವೇಕ್ ಮೂರ್ತಿ. ಅಮೆರಿಕದ ಸರ್ಜನ್ ಜನರಲ್ ಆಗಿದ್ದವರು, ಅವರ ಹಿರಿಯರ ಊರು ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಶಾಲೆಯಲ್ಲಿ ತಾವು ಒಂಟಿಯಾಗಿದ್ದುದನ್ನು, ಅದನ್ನು ಮನೆಯಲ್ಲಿ ಹೇಳಿಕೊಳ್ಳಲು ನಾಚಿಕೆಯಾಗಿದ್ದನ್ನು ಅವರು ಬಹಿರಂಗವಾಗಿ ಬರೆದಿದ್ದಾರೆ. 2023ರಲ್ಲಿ ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ತಮ್ಮ ದೇಶಕ್ಕೆ ಎಚ್ಚರಿಕೆ ಕೊಟ್ಟವರೂ ಅವರೇ.

ಕೂಡು ಕುಟುಂಬದಲ್ಲಿದ್ದೂ ಒಂಟಿಯಾಗಬಹುದು. ಮನೆ ತುಂಬ ಜನ, ಎಲ್ಲರ ಬಾಯಲ್ಲೂ ಒಂದೇ ಮಾತು ಎಂದರೆ ಆ ಮನೆಯಲ್ಲಿ ಮಾತಾಡಲು ಯಾರೂ ಇಲ್ಲವೆಂದೇ ಲೆಕ್ಕ. ಅಮ್ಮನಿಗೆ ಮದುವೆಯ ಚಿಂತೆ, ಅಣ್ಣನಿಗೆ ತಮಾಷೆ, ಅತ್ತಿಗೆಗೆ ಯೂಟ್ಯೂಬಿನ ವ್ಯಾಯಾಮ. ಹೆಣ್ಣು ನೋಡಲು ಬಂದವರು ‘ಹುಡುಗಿ ಸ್ವಲ್ಪ ಹೆಲ್ದಿ ಇದ್ದಾಳೆ’ ಎಂದು ಹೇಳಿ ಹೋದ ಸಂಜೆ ಆ ಹುಡುಗಿ ಯಾರ ಹತ್ತಿರ ಕೂತು ಅಳಬೇಕು? ಮನೆಯಲ್ಲಿ ಅತ್ತರೆ ‘ಅದಕ್ಕೇ ಹೇಳಿದ್ದು, ಅನ್ನ ಬಿಡು ಅಂತ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಸಲಹೆ ಕೊಡುವವರ ಪ್ರೀತಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ದಿನವೂ ಸಲಹೆಯ ರೂಪದಲ್ಲೇ ಬರುವ ಪ್ರೀತಿ ಮನುಷ್ಯರನ್ನು ಕೋಣೆಯೊಳಕ್ಕೆ ಅಟ್ಟುತ್ತದೆ.

‘ದಪ್ಪಗಿರುವುದನ್ನು ಆಡಿ ತೋರಿಸಿದರೆ ತಾನೇ ಛಲ ಬಂದು ಇಳಿಸಿಕೊಳ್ಳುತ್ತಾರೆ’ ಎನ್ನುವವರಿದ್ದಾರೆ. ಅವರು ಕೆಟ್ಟವರಲ್ಲ, ಅವರ ಲೆಕ್ಕ ತಪ್ಪು. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಆಂಜೆಲಿನಾ ಸುಟಿನ್ ಮತ್ತು ಆಂಟೊನಿಯೊ ಟೆರಾಚಿಯಾನೊ ಸಾವಿರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಮಾಹಿತಿಯನ್ನು ಪರಿಶೀಲಿಸಿದರು. ಮೊದಲು ಸ್ಥೂಲಕಾಯವಿಲ್ಲದೆ, ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದವರು ಮುಂದಿನ ನಾಲ್ಕು ವರ್ಷಗಳಲ್ಲಿ ಸ್ಥೂಲಕಾಯಕ್ಕೆ ಜಾರುವ ಸಾಧ್ಯತೆ ಮಿಕ್ಕವರಿಗಿಂತ ಸುಮಾರು ಎರಡೂವರೆ ಪಟ್ಟು ಎಂದು 2013ರಲ್ಲಿ ಪ್ರಕಟಿಸಿದರು. 2015ರ ಇನ್ನೊಂದು ಅಧ್ಯಯನದಲ್ಲಿ ಇಂಥ ತಾರತಮ್ಯ ಉಂಡವರ ಸಾವಿನ ಅಪಾಯ ಶೇ 60ರಷ್ಟು ಹೆಚ್ಚಿತ್ತು. ಅವರ ತೂಕವನ್ನು, ಇದ್ದ ಕಾಯಿಲೆಗಳನ್ನು ಲೆಕ್ಕದಿಂದ ಕಳೆದರೂ ಆ ಅಪಾಯ ಪೂರ್ತಿ ಕರಗಲಿಲ್ಲ. ಹೀಯಾಳಿಕೆಯೇ ಮೈಗೆ ಬಡಿಯುತ್ತದೆ. ನಾಚಿಕೆಯಾದವರು ವಾಕಿಂಗ್ ಹೋಗುವುದಿಲ್ಲ, ಆಸ್ಪತ್ರೆಗೆ ಹೋಗುವುದನ್ನು ಮುಂದೂಡುತ್ತಾರೆ, ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಹಾಕದೆ ತಿನ್ನುತ್ತಾರೆ.

ದಪ್ಪಗಾಗುವುದು ಬಾಯಿಚಪಲ ಮತ್ತು ಸೋಮಾರಿತನದ ಫಲ ಎಂಬ ತೀರ್ಪಿನ ಬಗ್ಗೆಯೂ ಒಂದೆರಡು ಮಾತು. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997ರಲ್ಲಿ ಶುರುವಾದ ‘ಪಾರ್ಥೆನಾನ್’ ಅಧ್ಯಯನ ಜಗತ್ತಿನ ವೈದ್ಯಲೋಕದಲ್ಲಿ ಹೆಸರು ಮಾಡಿದೆ. ಬಸುರಿಯರನ್ನು, ಆಮೇಲೆ ಅವರ ಮಕ್ಕಳನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡಿದ ಕೆಲಸ ಅದು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಕಾಣಿಸಿಕೊಂಡ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೇ ವಯಸ್ಸಿಗಾಗಲೇ ಮೈಯಲ್ಲಿ ಕೊಬ್ಬಿನಂಶ ಹೆಚ್ಚಿರುವುದು ಕಂಡಿತು. ಐದು ವರ್ಷದ ಮಗುವಿನ ಶಿಸ್ತನ್ನು ಯಾರು ಪ್ರಶ್ನಿಸುತ್ತಾರೆ? ವಂಶವಾಹಿಗಳ ಪಾಲು ದೊಡ್ಡದು. ಥೈರಾಯ್ಡ್, ಪಿಸಿಒಡಿ, ಉಬ್ಬಸಕ್ಕೆ ಸಂಧಿವಾತಕ್ಕೆ ಕೊಡುವ ಸ್ಟಿರಾಯ್ಡ್, ಮನೋರೋಗದ ಕೆಲವು ಮಾತ್ರೆಗಳು, ರಾತ್ರಿ ಪಾಳಿ, ಕೂತೇ ಮಾಡುವ ಗಾರ್ಮೆಂಟ್ಸ್ ಕೆಲಸ ಎಲ್ಲವೂ ಇದರಲ್ಲಿ ಸೇರಿವೆ. ತಿನ್ನುವ ಚಟ ಯಾರಿಗೂ ಇಲ್ಲವೆಂದು ನಾನು ಹೇಳುವುದಿಲ್ಲ. ಒಬ್ಬರ ಮೈ ನೋಡಿ ಅವರ ಕಥೆ ಗೊತ್ತಾಯಿತು ಅಂದುಕೊಳ್ಳುವುದು ಅನ್ಯಾಯ.

ಹಾಗಾದರೆ ಬಳಗದಿಂದ ಏನಾಗುತ್ತದೆ? ಬ್ರಿಟನ್ನಿನ ಬಯೊಬ್ಯಾಂಕ್ ಎಂಬ ದೊಡ್ಡ ಯೋಜನೆಯಲ್ಲಿ ಸೇರಿಕೊಂಡ ಸುಮಾರು 4 ಲಕ್ಷ ಜನರ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ಸ್ಥೂಲಕಾಯವಿರುವವರಲ್ಲಿ ಜನರ ಒಡನಾಟ ಹೆಚ್ಚಿದ್ದಷ್ಟೂ, ಒಂಟಿತನ ಕಡಿಮೆಯಿದ್ದಷ್ಟೂ, ತೂಕದ ಜೊತೆಗೆ ಬರುವ ಹೆಚ್ಚುವರಿ ಸಾವಿನ ಅಪಾಯ ಕಡಿಮೆಯಿತ್ತು. ಅವರ ಸಾವಿನ ಅಪಾಯವನ್ನು ಅಂದಾಜು ಮಾಡುವುದಕ್ಕೆ ಖಿನ್ನತೆ, ಆಹಾರ, ವ್ಯಾಯಾಮಗಳಿಗಿಂತ ಒಡನಾಟದ ಕೊರತೆಯೇ ಹೆಚ್ಚು ತೂಗಿತು. ಇದು ಜೊತೆಜೊತೆಗೆ ಕಂಡ ಸಂಬಂಧವೇ ಹೊರತು ಔಷಧ ಕೊಟ್ಟು ಪರೀಕ್ಷಿಸಿದ ಹಾಗಲ್ಲ, ನಿಜ. ಆದರೂ ನಮ್ಮ ಆರೋಗ್ಯ ಪ್ರಚಾರಗಳೆಲ್ಲ ಎಣ್ಣೆ, ಸಕ್ಕರೆ, ಹೆಜ್ಜೆಗಳ ಲೆಕ್ಕದಲ್ಲೇ ನಿಂತಿವೆ. ‘ನಿಮಗೆ ಮಾತಾಡಲು ಯಾರಿದ್ದಾರೆ?’ ಎಂದು ದಪ್ಪಗಿರುವ ರೋಗಿಯನ್ನು ಯಾವ ಶಿಬಿರದಲ್ಲೂ ಯಾರೂ ಕೇಳಿದ್ದು ನಾನು ಕಂಡಿಲ್ಲ. 2025ರಲ್ಲಿ ತೂಕ ಇಳಿಸುವ ಹೊಸ ಇಂಜೆಕ್ಷನ್‌ಗಳು, ಮೌಂಜಾರೊ ಮತ್ತು ವೆಗೋವಿ, ನಮ್ಮ ದೇಶಕ್ಕೂ ಬಂದವು. ಬೇಕಾದವರಿಗೆ, ಕೈಗೆಟುಕುವವರಿಗೆ ವೈದ್ಯರು ಕೊಡಲಿ. ಇಪ್ಪತ್ತು ವರ್ಷ ಜನರಿಂದ ಮುಖ ತಪ್ಪಿಸಿಕೊಂಡು ಬದುಕಿದವರಿಗೆ ಗೆಳೆತನವನ್ನು ಸಿರಿಂಜಿನಲ್ಲಿ ತುಂಬಿ ಕೊಡಲಾಗುವುದಿಲ್ಲ.

ನಮ್ಮೂರಿನಲ್ಲಿ ಅಂಥದೊಂದು ಬಳಗವಿದೆ. ಹೆಸರು ಇಟ್ಟಿಲ್ಲ, ಫಲಕವೂ ಇಲ್ಲ. ನಿವೃತ್ತ ಶಿಕ್ಷಕಿಯೊಬ್ಬರ ಮನೆಯ ಪಡಸಾಲೆಯಲ್ಲಿ ಶನಿವಾರ ಸಂಜೆ ಸೇರುತ್ತೇವೆ. ಆ ಮೇಡಂ ಮೊದಲ ದಿನವೇ ಮಾಡಿದ ಕೆಲಸವೆಂದರೆ ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ಮಹಡಿಗೆ ಸಾಗಿಸಿದ್ದು. ತೆಳ್ಳಗಿರುವವರಿಗೆ ಇದು ತಕ್ಷಣ ಅರ್ಥವಾಗಲಿಕ್ಕಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಕಾಲು ಅಗಲವಾಗುತ್ತ ಹೋಗುವುದು ಮೊದಲು ಗೊತ್ತಾಗುವುದು ಕೂತವರಿಗೆ. ಆಮೇಲೆ ಇಡೀ ಹೊತ್ತು ತೊಡೆಯ ಮೇಲೆ ಭಾರ ಹೊತ್ತು ಅರ್ಧ ಎದ್ದ ಹಾಗೆಯೇ ಕೂತಿರಬೇಕು. ಎದುರಿಗೆ ಏನು ಮಾತು ನಡೆಯಿತೆಂಬುದು ತಲೆಗೇ ಹೋಗುವುದಿಲ್ಲ. ಆ ಪಡಸಾಲೆಯಲ್ಲಿ ಈಗ ಎರಡು ಹೊನ್ನೆ ಮರದ ಬೆಂಚುಗಳಿವೆ. ಹೊಸದಾಗಿ ಬಂದವರೊಬ್ಬರು ಗೋಡೆಗೆ ಒರಗಿ ನಿಂತೇ ಇದ್ದಾಗ ಮೇಡಂ, ‘ಕೂತ್ಕೊಳಮ್ಮ, ನಮ್ಮ ತಾತನ ಕಾಲದ ಬೆಂಚು, ಭತ್ತದ ಮೂಟೆ ಪೇರಿಸ್ತಿದ್ರು ಇದ್ರ ಮೇಲೆ’ ಅಂದರು. ಅವರು ಕೂತರು. ಬೆನ್ನು ಹಿಂದಕ್ಕೆ ಆನಿಸಿ, ಪೂರ್ತಿ ಕೂತರು.

ಅವರೇ ಮೂರನೇ ವಾರವೋ ನಾಲ್ಕನೇ ವಾರವೋ ಬಾಯಿ ಬಿಟ್ಟು ಮಾತಾಡಿದರು. ಆಸ್ಪತ್ರೆಯಲ್ಲಿ ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಅವರಿಗೆ ಸಾಲುವುದಿಲ್ಲ. ಗಾಳಿ ತುಂಬುತ್ತಿದ್ದ ಹಾಗೆ ಪಟ್ ಎಂದು ಬಿಚ್ಚಿಕೊಳ್ಳುತ್ತದೆ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಾರೆ, ಸಿಸ್ಟರ್ ಅಂಗೈಯಿಂದ ಅದನ್ನು ಒತ್ತಿ ಹಿಡಿದು ಅಳೆಯುತ್ತಾರೆ. ಪ್ರತಿ ಸಲವೂ ಅಂಕಿ ಜಾಸ್ತಿ, ಮಾತ್ರೆಯೂ ಜಾಸ್ತಿ. ನಮ್ಮ ಬಳಗದಲ್ಲೇ ನರ್ಸ್ ಕೆಲಸ ಮಾಡುವವರೊಬ್ಬರಿದ್ದಾರೆ. ‘ಸಣ್ಣ ಪಟ್ಟಿ ಸುತ್ತಿದ್ರೆ ಬಿಪಿ ಇರೋದಕ್ಕಿಂತ ಜಾಸ್ತೀನೇ ತೋರ್ಸುತ್ತೆ ಕಣ್ರೀ, ದೊಡ್ಡ ಪಟ್ಟಿ ಅಂತ ಬೇರೇನೇ ಇರುತ್ತೆ, ಕೇಳಿ’ ಅಂದರು. ಕೇಳುವುದಕ್ಕೇ ಅವರಿಗೆ ಬಾಯಿ ಬರುತ್ತಿರಲಿಲ್ಲ. ಮುಂದಿನ ಸಲ ಬಳಗದ ಇಬ್ಬರು ಜೊತೆಗೆ ಹೋದರು. ಪಟ್ಟಿ ಬೀರುವಿನಲ್ಲೇ ಇತ್ತು, ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ. ಅಂದು ಅಂಕಿ ಕೆಳಗೆ ಬಂತು. ಪಟ್ಟಿಯಷ್ಟೇ ಆಗಿದ್ದರೆ ಪುಸ್ತಕ ಓದಿ ತಿಳಿದುಕೊಳ್ಳಬಹುದಿತ್ತು. ಕೇಳುವ ಧೈರ್ಯ ಕೊಟ್ಟದ್ದು ಪಕ್ಕದಲ್ಲಿ ನಿಂತ ಇಬ್ಬರು.

ದರ್ಜಿ ಅಂಗಡಿಯ ಮಾತೂ ಒಂದು ಶನಿವಾರವಿಡೀ ನಡೆಯಿತು. ಟೇಪು ಹಿಡಿದವರು ಎದೆಸುತ್ತು, ಸೊಂಟದಳತೆಗಳನ್ನು ಕೂಗಿ ಹೇಳುವುದು, ಆಚೆ ಕೂತ ಹುಡುಗ ಅದನ್ನು ಇನ್ನೊಮ್ಮೆ ಕೂಗಿ ಪುಸ್ತಕದಲ್ಲಿ ಬರೆದುಕೊಳ್ಳುವುದು, ಬೆಂಚಿನಲ್ಲಿದ್ದ ಗಿರಾಕಿಗಳು ಮುಖ ಮುಖ ನೋಡಿಕೊಳ್ಳುವುದು. ಅಲ್ಲಿದ್ದ ಏಳು ಹೆಂಗಸರಿಗೂ ಇದು ಆಗಿತ್ತು. ಪ್ರತಿಯೊಬ್ಬರೂ ತಮಗೊಬ್ಬರಿಗೇ ಆಗಿದ್ದು ಎಂದುಕೊಂಡಿದ್ದರು. ಆ ಸಂಜೆ ಬಹಳ ನಕ್ಕೆವು, ಇಬ್ಬರು ಅತ್ತರು. ಈಗ ಎಲ್ಲರೂ ಮನೆಯೊಳಗೆ ಅಳತೆ ತೆಗೆದುಕೊಳ್ಳುವ ಒಬ್ಬ ಹೊಲಿಗೆಯಾಕೆಯ ಹತ್ತಿರವೇ ಹೋಗುತ್ತಾರೆ.

ನನಗೊಬ್ಬಳಿಗೇ ಹೀಗಲ್ಲ ಎಂದು ಗೊತ್ತಾಗುವುದೇ ಇಂಥ ಬಳಗದಲ್ಲಿ ಆಗುವ ನಿಜವಾದ ಕೆಲಸ ಎಂದು ನನಗೆ ಅನ್ನಿಸುತ್ತದೆ. ಷಿಕಾಗೊದಲ್ಲಿ ಒಂಟಿತನದ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಜಾನ್ ಕ್ಯಾಸಿಯೊಪೊ ಮತ್ತು ಸಂಗಡಿಗರು ಒಂಟಿತನ ಕಳೆಯಲು ನಡೆದ ಹಲವಾರು ಪ್ರಯೋಗಗಳನ್ನು 2011ರಲ್ಲಿ ಒಟ್ಟುಗೂಡಿಸಿ ನೋಡಿದರು. ಬರೀ ಜನರನ್ನು ಸೇರಿಸಿದ್ದಕ್ಕಿಂತ, ‘ಇವರು ನನ್ನನ್ನು ದೂರ ಮಾಡುತ್ತಾರೆ’ ಎಂದು ಮೊದಲೇ ತೀರ್ಮಾನಿಸಿಕೊಂಡ ಮನಸ್ಸನ್ನು ತಿದ್ದಲು ಯತ್ನಿಸಿದ ಪ್ರಯೋಗಗಳೇ ಹೆಚ್ಚು ಫಲ ಕೊಟ್ಟಿದ್ದವು. ದಪ್ಪಗಿರುವವರಿಗೆ ಈ ತೀರ್ಮಾನ ಅನುಭವದಿಂದಲೇ ಬಂದದ್ದು, ಕಲ್ಪನೆಯಲ್ಲ. ಹಾಗಾಗಿ ಅದು ಉಪದೇಶದಿಂದ ಹೋಗುವುದಿಲ್ಲ. ತನ್ನಂಥ ಮೈಯವರೇ ಕೂತಿರುವ ಜಾಗದಲ್ಲಿ, ವಾರ ವಾರ, ಯಾರೂ ದೂರ ಮಾಡಲಿಲ್ಲ ಎಂದು ಕಂಡುಕೊಂಡಾಗ ಸಡಿಲಾಗುತ್ತದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕ್ಯಾಥರಿನ್ ಹಾಸ್ಲಮ್ ಮತ್ತು ಸಂಗಡಿಗರು ರೂಪಿಸಿದ ‘ಗ್ರೂಪ್ಸ್ ಫಾರ್ ಹೆಲ್ತ್’ ಎಂಬ ಐದು ಬೈಠಕ್ಕಿನ ಕಾರ್ಯಕ್ರಮವೂ ಇದೇ ದಾರಿಯದು. ತಾನು ಯಾವ ಯಾವ ಗುಂಪುಗಳಿಗೆ ಸೇರಿದವನು, ಯಾವುದು ಕಳಚಿಹೋಯಿತು, ಯಾವುದನ್ನು ಮತ್ತೆ ಹಿಡಿಯಬಹುದು ಎಂಬ ನಕ್ಷೆಯನ್ನು ಒಬ್ಬೊಬ್ಬರೂ ಬರೆಯುತ್ತಾರೆ. ನಮ್ಮ ಬಳಗದಲ್ಲೂ ಒಂದು ದಿನ ಹಾಳೆ ಪೆನ್ಸಿಲ್ ಹಂಚಿ ಹೀಗೆ ಬರೆಸಿದೆವು. ಭಜನಾ ಮಂಡಳಿ ಬಿಟ್ಟವರು, ನಾಟಕ ಬಿಟ್ಟವರು, ಈಜು ಬಿಟ್ಟವರು, ಬಿಎಡ್ ಗೆಳತಿಯರ ವಾಟ್ಸ್ಆ್ಯಪ್ ಗುಂಪಿನಿಂದ ಸದ್ದಿಲ್ಲದೆ ಹೊರಬಂದವರು ಇದ್ದರು. ಬಿಟ್ಟ ವರ್ಷವನ್ನು ನೆನಪಿಸಿಕೊಂಡಾಗ, ಮೈ ಏರಿದ ವರ್ಷವೂ ಅದೇ ಆಗಿತ್ತು.

ಇಂಥ ಕೂಟಗಳು ನಮಗೆ ಹೊಸವೂ ಅಲ್ಲ. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ವಾರಕ್ಕೊಮ್ಮೆ ಕೂಡುವ ಸಂಘಗಳು ಹಳ್ಳಿ ಹಳ್ಳಿಯಲ್ಲಿ ಹುಟ್ಟಿದವು. ಉಳಿತಾಯದ ಹಣದ ಜೊತೆಗೆ ಮನೆಯ ಕಷ್ಟಗಳೂ ಅಲ್ಲಿ ಮಾತಿಗೆ ಬಂದವು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಮದ್ಯವರ್ಜನ ಶಿಬಿರ ಮುಗಿಸಿದವರಿಗಾಗಿ ನವಜೀವನ ಸಮಿತಿಗಳನ್ನು ಕಟ್ಟಿದ್ದಾರೆ. ಕುಡಿತ ಬಿಟ್ಟವರಿಗೆ ಕುಡಿತ ಬಿಟ್ಟವರದೇ ಒತ್ತಾಸೆ. ಮುಂಬೈಯ ಉದ್ಯಾನವೊಂದರಲ್ಲಿ ಮದನ್ ಕಟಾರಿಯಾ ಎಂಬ ವೈದ್ಯರು 1995ರಲ್ಲಿ ಐದು ಜನರೊಡನೆ ಶುರು ಮಾಡಿದ ನಗೆಕೂಟ ಇವತ್ತು ನಮ್ಮ ಊರುಗಳ ಪಾರ್ಕುಗಳಲ್ಲೂ ಮುಂಜಾನೆ ಕೇಳಿಸುತ್ತದೆ. ದಪ್ಪಗಿರುವವರ ಸರದಿ ಮಾತ್ರ ಇನ್ನೂ ಬಂದಿಲ್ಲ.

ಆ ಖಾಲಿ ಜಾಗವನ್ನು ವ್ಯಾಪಾರ ತುಂಬಿದೆ. ಜಿಲ್ಲಾ ಕೇಂದ್ರಗಳಿಂದ ಹಿಡಿದು ಹೋಬಳಿಗಳವರೆಗೆ ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆಯುವ ‘ಶೇಕ್’ ಕ್ಲಬ್ಬುಗಳನ್ನು ನೀವು ನೋಡಿರುತ್ತೀರಿ. ದಿನಾ ತೂಕ ನೋಡುವುದು, ಲೋಟದಲ್ಲಿ ಪುಡಿ ಕಲಕಿ ಕುಡಿಯುವುದು, ಡಬ್ಬಿಗೆ ಸಾವಿರಾರು ರೂಪಾಯಿ. ತೂಕ ಮತ್ತೆ ಏರಿದ ಮೇಲೂ ಎಷ್ಟೋ ಜನ ಅಲ್ಲಿಗೆ ಹೋಗುವುದನ್ನು ಬಿಡುವುದಿಲ್ಲ. ಯಾಕೆಂದು ವಿಚಾರಿಸಿದಾಗ ಒಬ್ಬರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: ‘ಒಂದಿನ ಹೋಗ್ದಿದ್ರೆ ಯಾಕ್ ಬರ್ಲಿಲ್ಲ ಅಂತ ಫೋನ್ ಮಾಡ್ತಾರೆ.’ ಪುಡಿಯ ಹಣ ಕೊಟ್ಟು ಅವರು ಕೊಳ್ಳುತ್ತಿದ್ದದ್ದು ಆ ಫೋನನ್ನು. ಅದನ್ನು ನಾವು ದುಡ್ಡಿಲ್ಲದೆ ಕೊಡಬಲ್ಲೆವು.

ಬಳಗ ಕಟ್ಟಲು ಹೊರಡುವವರಿಗೆ ಕೆಲವು ಮಾತು. ದಿನ ಮತ್ತು ಹೊತ್ತು ಬದಲಾಗದಿರಲಿ. ಮಳೆ ಬಂದರೂ ಇಬ್ಬರಾದರೂ ಅಲ್ಲಿ ಕೂತಿರಬೇಕು. ಹೊಸಬರು ಹೊಸ್ತಿಲಲ್ಲಿ ಮೂರು ವಾರ ಅನುಮಾನಿಸಿ ನಾಲ್ಕನೇ ವಾರ ಬರುತ್ತಾರೆ, ಆ ದಿನ ಬೀಗ ಹಾಕಿದ್ದರೆ ಅವರು ಮತ್ತೆ ಬರುವುದಿಲ್ಲ. ಮೆಟ್ಟಿಲು ಹತ್ತಬೇಕಾದ ಜಾಗ ಬೇಡ. ತೂಕ ಎಷ್ಟೆಂದು ಯಾರೂ ಯಾರನ್ನೂ ಕೇಳಬಾರದು. ಕೇಳದೆ ಮದ್ದು ಹೇಳಬಾರದು, ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು, ಏನನ್ನೂ ಮಾರಬಾರದು. ಯಾರಾದರೂ ತೂಕ ಇಳಿಸಿಕೊಳ್ಳಲು ಚಿಕಿತ್ಸೆ ತೆಗೆದುಕೊಂಡರೆ ಅದು ಅವರಿಷ್ಟ, ಅದಕ್ಕೆ ಶಭಾಷ್‌ಗಿರಿಯೂ ಬೇಡ, ಮೂದಲಿಕೆಯೂ ಬೇಡ. ಬರೀ ಕಷ್ಟ ಹೇಳಿಕೊಳ್ಳುವ ಕೂಟವಾದರೆ ಬೇಗ ಬತ್ತುತ್ತದೆ; ಆದ್ದರಿಂದ ಕೈಗೊಂದು ಕೆಲಸ, ಕಾಲಿಗೊಂದು ದಾರಿ ಇರಲಿ. ನಮ್ಮವರು ಊರಿನ ಈಜುಕೊಳದಲ್ಲಿ ಹೆಂಗಸರಿಗೆ ಮೀಸಲಾದ ಹೊತ್ತಿಗೆ ಒಟ್ಟಿಗೆ ಹೋಗಿಬಂದರು. ಒಬ್ಬೊಬ್ಬರೇ ಆಗಿದ್ದರೆ ಆ ಬಾಗಿಲು ದಾಟುತ್ತಿರಲಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. ಪಕ್ಕದ ಹಳ್ಳಿಯಿಂದ ಬರುವವರಿಗೆ ಅದು ಎಷ್ಟು ದೊಡ್ಡ ಅನುಕೂಲ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಬಳಗ ಆಸ್ಪತ್ರೆಯಲ್ಲ ಎಂಬುದನ್ನೂ ಮರೆಯಬಾರದು. ತಿಂದು ವಾಂತಿ ಮಾಡಿಕೊಳ್ಳುವವರು, ದಿನಗಟ್ಟಲೆ ಉಪವಾಸ ಬೀಳುವವರು, ಬದುಕೇ ಬೇಡ ಎನ್ನುವವರು ಇದ್ದರೆ ಕೂಡಲೇ ತಜ್ಞರ ಹತ್ತಿರ ಕರೆದೊಯ್ಯಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ. ಈ ಸಂಖ್ಯೆಯನ್ನು ಬಳಗದ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ಗಂಡಸರನ್ನು ಮರೆಯಬೇಡಿ. ಅಂಕಿಯಲ್ಲಿ ಅವರು ಹೆಂಗಸರಿಗಿಂತ ಒಂದು ಕೂದಲೆಳೆ ಮುಂದಿದ್ದಾರೆ, ಮಾತಿನಲ್ಲಿ ಬಹಳ ಹಿಂದೆ. ಶಾಲೆಯಲ್ಲಿ ‘ಡುಮ್ಮ’ ಎಂದು ಕರೆಸಿಕೊಂಡವನು ನಲವತ್ತಾದರೂ ಗೆಳೆಯರ ನಡುವೆ ಅದೇ ಹೆಸರಿನಲ್ಲಿರುತ್ತಾನೆ, ಎಲ್ಲರಿಗಿಂತ ಮೊದಲು ತಾನೇ ನಗುತ್ತಾನೆ. ಅವನಿಗೆ ನೋವಾಗುತ್ತದೆ ಎಂದು ಹೆಂಡತಿಗೂ ಗೊತ್ತಿರುವುದಿಲ್ಲ. ಗಂಡಸರ ಬಳಗ ಬೇರೆಯೇ ನಡೆಯುವುದಾದರೆ ನಡೆಯಲಿ. ಎದುರುಬದುರು ಕೂತು ಮನಸ್ಸು ಬಿಚ್ಚುವುದು ಅವರಿಗೆ ಕಷ್ಟವಾದರೆ ಕೇರಂ ಬೋರ್ಡಿನ ಸುತ್ತ ಕೂರಲಿ, ಸಂಜೆ ಕೆರೆ ಏರಿಯ ಮೇಲೆ ನಡೆಯಲಿ. ಕಾಲೇಜುಗಳ ಎನ್ಎಸ್ಎಸ್ ಘಟಕದವರು ಇದನ್ನು ಮನಸ್ಸಿಗೆ ಹಾಕಿಕೊಂಡರೆ ಎಷ್ಟೋ ಮಕ್ಕಳು ಕ್ಲಾಸಿನ ಕೊನೆಯ ಬೆಂಚಿನಿಂದ ಎದ್ದು ಬರುತ್ತಾರೆ.

ಗ್ರಾಮ ಪಂಚಾಯಿತಿ ಅಧ್ಯಕ್ಷರೇ, ನಿಮ್ಮ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ವಾರದಲ್ಲಿ ಒಂದು ಸಂಜೆ ಅಲ್ಲಿ ಒಂದೂವರೆ ಗಂಟೆ ಜಾಗ ಮಾಡಿಕೊಡಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ, ದೊಡ್ಡ ಬಿಪಿ ಪಟ್ಟಿಯನ್ನು ಬೀರುವಿನಿಂದ ಹೊರತೆಗೆಯಿರಿ, ಮಂಡಿ ನೋವಿಗೆ ಬಂದವರ ಮಂಡಿಯನ್ನು ಮೊದಲು ನೋಡಿ, ತೂಕದ ಮಾತನ್ನು ಅವರ ಒಪ್ಪಿಗೆ ಪಡೆದು ಆಡಿ. ಕಲ್ಯಾಣ ಮಂಟಪದವರೇ, ಕೈಯಿಲ್ಲದ ಗಟ್ಟಿ ಕುರ್ಚಿಗಳನ್ನು ಹತ್ತಾದರೂ ತರಿಸಿಡಿ. ಆಶಾ ಕಾರ್ಯಕರ್ತೆಯರೇ, ನೀವು ಮನೆ ಮನೆಗೆ ಹೋಗುವವರು. ಯಾವ ಮನೆಯ ಒಳಕೋಣೆಯಲ್ಲಿ ಯಾರು ಕೂತಿದ್ದಾರೆ ಎಂಬುದು ನಿಮ್ಮಷ್ಟು ಯಾರಿಗೂ ಗೊತ್ತಿಲ್ಲ. ಬಳಗದ ಸುದ್ದಿಯನ್ನು ಅವರ ಕಿವಿಗೆ ಹಾಕಿ.

ಮನೆಯವರಲ್ಲಿ ಒಂದೇ ಬೇಡಿಕೆ. ಇನ್ನು ಒಂದು ತಿಂಗಳು ನಿಮ್ಮ ಮಗಳ, ತಮ್ಮನ, ಸೊಸೆಯ ಮೈ ಬಗ್ಗೆ ಒಳ್ಳೆಯದೂ ಕೆಟ್ಟದ್ದೂ ಏನನ್ನೂ ಹೇಳಬೇಡಿ. ಅವರ ಕೆಲಸದ ಬಗ್ಗೆ, ಅವರು ನೋಡಿದ ಸಿನಿಮಾದ ಬಗ್ಗೆ, ಅವರು ನೆಟ್ಟ ಗಿಡದ ಬಗ್ಗೆ ಕೇಳಿ. ಶನಿವಾರ ಸಂಜೆ ಅವರು ಹೊರಟರೆ ‘ಅಲ್ಲಿ ಹೋದ್ರೆ ಸಣ್ಣ ಆಗ್ತೀಯಾ?’ ಎನ್ನಬೇಡಿ, ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬನ್ನಿ.

ಇನ್ನು ನೀವು, ಇದನ್ನು ಓದುತ್ತಿರುವ ನನ್ನಂಥ ಮೈಯವರು. ಸಣ್ಣಗಾದ ಮೇಲೆ ಹೊರಗೆ ಹೋಗುತ್ತೇನೆ, ಸಣ್ಣಗಾದ ಮೇಲೆ ಫೋಟೊಗೆ ನಿಲ್ಲುತ್ತೇನೆ, ಸಣ್ಣಗಾದ ಮೇಲೆ ಗೆಳತಿಯರಿಗೆ ಫೋನ್ ಮಾಡುತ್ತೇನೆ ಎಂದು ಎಷ್ಟು ವರ್ಷಗಳನ್ನು ಮುಂದೂಡಿದ್ದೀರಿ? ಈ ಮೈಯಲ್ಲೇ ಬನ್ನಿ. ನಿಮ್ಮ ಊರಿನಲ್ಲಿ ಬಳಗವಿಲ್ಲದಿದ್ದರೆ ನಿಮ್ಮಂಥವರು ಇನ್ನೊಬ್ಬರು ಎರಡು ಬೀದಿ ಆಚೆ ಇದ್ದೇ ಇದ್ದಾರೆ, ತರಕಾರಿ ಅಂಗಡಿಯಲ್ಲಿ ನೀವು ಅವರನ್ನು ನೋಡಿಯೂ ಇದ್ದೀರಿ. ಈ ವಾರ ಅವರ ಹತ್ತಿರ ಹೋಗಿ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ, ಶನಿವಾರ ಸಂಜೆ ಕಾಫಿಗೆ ಕರೆಯಿರಿ. ಇಬ್ಬರಾದರೆ ಬಳಗ ಶುರುವಾಯಿತು.